ಜಪಾನಿಗೆ ಮೊದಲ ಸಲ ಹೊರಟವರಿಗೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ಟೋಕಿಯೋ ಹತ್ತಿರದ ನರಿತಾಗೆ ನೇರ ವಿಮಾನ ಬಂದ ಮೇಲೆ ನಮ್ಮ ಕಡೆಯಿಂದ ಜಪಾನಿಗೆ ಹೋಗುವುದು ಸುಲಭವಾಗಿದೆ. ಮಗಳ ಮನೆಗೆ ಹೊರಟ ಅಪ್ಪ ಅಮ್ಮ ಇದ್ದಾರೆ, ಚೆರ್ರಿ ಹೂವು ನೋಡಲು ಹೊರಟ ಗೆಳತಿಯರು ಇದ್ದಾರೆ. ಹೊರಡುವ ಮುಂಚೆ ಇವರೆಲ್ಲ ಕೇಳುವುದು ಒಂದೇ ಮಾತು. "ಅಲ್ಲಿ ಇಂಗ್ಲಿಷ್ ನಡೆಯಲ್ಲವಂತೆ, ಹೇಗೆ ಓಡಾಡೋದು?"

ಆ ಚಿಂತೆ ಅಷ್ಟು ಬೇಡ. ದೊಡ್ಡ ಊರುಗಳ ಸ್ಟೇಷನ್ನುಗಳಲ್ಲಿ ಹೆಸರು ಇಂಗ್ಲಿಷಿನಲ್ಲೂ ಇರುತ್ತದೆ. ಟೋಕಿಯೋ ಮೆಟ್ರೋದಲ್ಲಿ ಒಂದೊಂದು ಮಾರ್ಗಕ್ಕೆ ಒಂದೊಂದು ಬಣ್ಣ, ಒಂದೊಂದು ಸ್ಟೇಷನ್ನಿಗೆ ಒಂದೊಂದು ನಂಬರು. ಬೋರ್ಡು ಓದಲು ಬರದಿದ್ದರೆ ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಅರ್ಥ ತೋರಿಸುತ್ತದೆ. ನಮ್ಮವರು ಅಲ್ಲಿ ನಿಜವಾಗಿ ಸುಸ್ತಾಗುವುದು ಊಟಕ್ಕೆ, ಲಗೇಜಿಗೆ ಮತ್ತು ನಡಿಗೆಗೆ. ಈ ಮೂರಕ್ಕೂ ಊರು ಬಿಡುವ ಮುಂಚೆಯೇ ತಯಾರಿ ಮಾಡಿಕೊಂಡರೆ ಅಲ್ಲಿ ಹೋದ ಮೇಲೆ ಮನಸ್ಸಿಟ್ಟು ನೋಡಬಹುದು. ಇವತ್ತು ಹೆಚ್ಚಾಗಿ ಅದನ್ನೇ ಹೇಳುತ್ತೇನೆ.

ಮೊದಲು ಯಾವಾಗ ಹೋಗಬೇಕು ಅನ್ನುವುದು. ಟೋಕಿಯೋ, ಕ್ಯೋಟೋ ಕಡೆ ಚೆರ್ರಿ ಹೂವು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಆಗ ಹೋಟೆಲ್ ದುಬಾರಿ, ಜನವೂ ಜಾಸ್ತಿ. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಅಲ್ಲಿನವರಿಗೇ ಸಾಲು ಸಾಲು ರಜೆ. ರೈಲುಗಳೆಲ್ಲ ತುಂಬಿರುತ್ತವೆ. ಆ ವಾರ ದಯವಿಟ್ಟು ಬೇಡ. ಜೂನಿನಲ್ಲಿ ಮಳೆ ಹಿಡಿಯುತ್ತದೆ. ಜುಲೈ, ಆಗಸ್ಟ್ ಬೆವರು ಸುರಿಯುವ ಸೆಕೆ, ಅದರ ಬೆನ್ನಿಗೇ ಚಂಡಮಾರುತದ ಕಾಲ. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ನವೆಂಬರ್ ಒಳ್ಳೆಯದು. ಮೇಪಲ್ ಎಲೆ ಕೆಂಪಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಒಂದು ಸ್ವೆಟರ್, ಒಂದು ಜಾಕೆಟ್ ಇದ್ದರೆ ಸಾಕು.

ವೀಸಾ ಬೇಕೇ ಬೇಕು. ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆಗೆ ಯಾವ ದಿನ ಎಲ್ಲಿ ಉಳಿಯುತ್ತೀರಿ ಅನ್ನುವ ಪಟ್ಟಿಯನ್ನೂ ಕೇಳುತ್ತಾರೆ. ಹಾಗಾಗಿ ಪ್ರವಾಸದ ಲೆಕ್ಕ ಮೊದಲೇ ಹಾಕಿಕೊಳ್ಳಬೇಕಾಗುತ್ತದೆ. ಹೊರಡುವ ಮುಂಚೆ 'ವಿಸಿಟ್ ಜಪಾನ್ ವೆಬ್' ಎಂಬ ಸರ್ಕಾರಿ ತಾಣದಲ್ಲಿ ವಿವರ ತುಂಬಿಟ್ಟುಕೊಂಡರೆ ಒಂದು ಕ್ಯೂಆರ್ ಕೋಡ್ ಸಿಗುತ್ತದೆ. ಇಳಿದ ಮೇಲೆ ಇಮಿಗ್ರೇಷನ್, ಕಸ್ಟಮ್ಸ್ ಎರಡಕ್ಕೂ ಅದನ್ನೇ ತೋರಿಸಬಹುದು.

ಔಷಧಿಯ ವಿಷಯ ಹಿರಿಯರು ಗಮನವಿಟ್ಟು ಕೇಳಬೇಕು. ಬಿಪಿ, ಶುಗರ್ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಲು ಅಡ್ಡಿಯಿಲ್ಲ. ಅದಕ್ಕಿಂತ ಜಾಸ್ತಿ ಬೇಕಾದರೆ ಮುಂಚೆಯೇ ಅಲ್ಲಿನ ಆರೋಗ್ಯ ಇಲಾಖೆಯಿಂದ ಅನುಮತಿ ಪಡೆಯಬೇಕು. ಮಗಳ ಮನೆಯಲ್ಲಿ ಎರಡು ಮೂರು ತಿಂಗಳು ಇರಲು ಹೋಗುವವರು ಇದನ್ನು ಮರೆಯಬಾರದು. ಡಾಕ್ಟರ ಚೀಟಿ ಮಾತ್ರೆಗಳ ಜೊತೆಗೇ ಇರಲಿ. ಇನ್ನು ಕೋಡೀನ್ ಇರುವ ಕೆಮ್ಮಿನ ಸಿರಪ್, ಸೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಇವುಗಳ ಮೇಲೆ ಅಲ್ಲಿ ಕಾನೂನು ಬಹಳ ಬಿಗಿ. ಇಲ್ಲಿ ಸಾಮಾನ್ಯವಾಗಿ ನುಂಗುವ ಮಾತ್ರೆಯಲ್ಲೂ ಅದು ಇರಬಹುದು. ಮಾತ್ರೆ ಪಟ್ಟಿಯ ಹಿಂದೆ ಓದಿ ನೋಡಿ, ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಈಗ ಊಟಕ್ಕೆ ಬರೋಣ. ಸಸ್ಯಾಹಾರಿಗಳಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಜಪಾನಿನ ಅಡುಗೆಗೆ ಆಧಾರ 'ದಾಶಿ' ಎಂಬ ಕಟ್ಟು. ಬೊನಿಟೋ ಎಂಬ ಮೀನನ್ನು ಹೊಗೆಯಲ್ಲಿ ಒಣಗಿಸಿ, ಮರದಷ್ಟು ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಅದರ ಸಾರ ತೆಗೆಯುತ್ತಾರೆ. ಕಡಲ ಪಾಚಿಯಿಂದ ಮಾಡುವ ದಾಶಿಯೂ ಇದೆ. ಆದರೆ ಹೋಟೆಲುಗಳಲ್ಲಿ ಮೀನಿನದೇ ಜಾಸ್ತಿ. ಮಿಸೋ ಸೂಪಿನಲ್ಲಿ ಅದಿದೆ. ಉದೋನ್, ಸೋಬಾ ನೂಡಲ್ಸಿನ ಸಾರಿನಲ್ಲಿ ಅದಿದೆ. ಬರೀ ತರಕಾರಿಯ ತೆಂಪುರಾ ಎಂಬ ಬಜ್ಜಿ ತಂದರೂ ಅದ್ದಿಕೊಳ್ಳುವ ಸಾರಿನಲ್ಲಿ ಅದಿದೆ. ನೀವು "ಮಾಂಸ ತಿನ್ನಲ್ಲ" ಅಂದರೆ ಅವರು ಪ್ರೀತಿಯಿಂದ ತರಕಾರಿ ಪಲ್ಯ ತಂದಿಡುತ್ತಾರೆ. ಅದು ಬೆಂದಿರುವುದು ಮೀನಿನ ಕಟ್ಟಿನಲ್ಲೇ ಇರಬಹುದು. ಇದರಲ್ಲಿ ಮೋಸವೇನೂ ಇಲ್ಲ. ನಾವು ಒಗ್ಗರಣೆ ಹಾಕಿದಷ್ಟೇ ಸಹಜವಾಗಿ ಅವರು ದಾಶಿ ಹಾಕುತ್ತಾರೆ, ಕೇಳದೆ ಹೇಳುವ ವಿಷಯ ಅಂತ ಅವರಿಗೆ ಅನಿಸುವುದಿಲ್ಲ.

ಹಾಗಾಗಿ ಹೊರಡುವ ಮುಂಚೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಮೀನಿನ ಕಟ್ಟು ನಡೆಯುತ್ತದಾ, ಇಲ್ಲವಾ? ನಡೆಯುವುದಿಲ್ಲ ಅಂದರೆ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ. ಮಾಂಸ, ಕೋಳಿ, ಮೀನು, ಸಿಗಡಿ, ಮೀನಿನ ದಾಶಿ, ಇವೆಲ್ಲವನ್ನೂ ಒಂದೊಂದಾಗಿ ಹೆಸರಿಸಿ ಬರೆದಿರಬೇಕು. 'ವೆಜಿಟೇರಿಯನ್' ಅಂತಷ್ಟೇ ಹೇಳಿದರೆ ಸಾಲದು. ಮೊಟ್ಟೆ ತಿನ್ನದವರು ಅದನ್ನೂ ಸೇರಿಸಿ. ಚೀಟಿ ತೋರಿಸಿದಾಗ ಕೆಲವು ಕಡೆ "ಆಗುವುದಿಲ್ಲ, ಕ್ಷಮಿಸಿ" ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ತಿಳಿಯದೆ ಬಡಿಸುವುದಕ್ಕಿಂತ ಅದೇ ಒಳ್ಳೆಯದಲ್ವಾ?

ಹಾಗಂತ ಉಪವಾಸ ಬೀಳಬೇಕಿಲ್ಲ. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂತ ಬೀದಿ ಬೀದಿಯಲ್ಲೂ ಅಂಗಡಿಗಳಿವೆ, ಬಹಳಷ್ಟು ಇಡೀ ರಾತ್ರಿ ತೆರೆದಿರುತ್ತವೆ. ಬಾಳೆಹಣ್ಣು, ಮೊಸರು, ಎದಮಾಮೆ ಎಂಬ ಹಸಿ ಸೋಯಾ ಕಾಯಿ, ಚಳಿಗಾಲದಲ್ಲಿ ಸುಟ್ಟ ಗೆಣಸು ಸಿಗುತ್ತವೆ. 'ಒನಿಗಿರಿ' ಎಂಬ ಅನ್ನದ ಉಂಡೆಗಳಲ್ಲಿ ಉಪ್ಪು ಮಾತ್ರ ಹಾಕಿದ್ದನ್ನು ಹುಡುಕಿ. ಆದರೂ ಪೊಟ್ಟಣದ ಮೇಲಿನ ಸಾಮಗ್ರಿ ಪಟ್ಟಿಗೆ ಒಮ್ಮೆ ಫೋನ್ ಹಿಡಿದು ನೋಡಿ. ಬ್ರೆಡ್ಡಿನಲ್ಲೂ ಹಂದಿಯ ಕೊಬ್ಬು ಇರುವುದುಂಟು. ಟೋಕಿಯೋ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೇ 'ಟೀಸ್ ತಂತನ್' ಎಂಬ ರಾಮೆನ್ ಅಂಗಡಿ ಇದೆ, ರಾಮೆನ್ ಅಂದರೆ ಸಾರಿನಲ್ಲಿ ಕೊಡುವ ನೂಡಲ್ಸ್, ಅಲ್ಲಿ ಪೂರ್ತಿ ಸಸ್ಯಾಹಾರ, ಹಾಲು ಮೊಟ್ಟೆಯೂ ಇಲ್ಲ. ಟೋಕಿಯೋದ ನಿಶಿ ಕಸಾಯ್ ಭಾಗದಲ್ಲಿ ಭಾರತದವರು ಬಹಳ ಇದ್ದಾರೆ, ನಮ್ಮ ಊಟವೂ ದಿನಸಿಯೂ ಅಲ್ಲಿ ಸಿಗುತ್ತವೆ.

ಒಂದು ರಾತ್ರಿ ಬಿಡುವಿದ್ದರೆ ಕೋಯಾಸಾನ್ ಬೆಟ್ಟಕ್ಕೆ ಹೋಗಿ ಅಂತ ನಾನು ಒತ್ತಿ ಹೇಳುತ್ತೇನೆ. 816ರಲ್ಲಿ ಕೂಕಾಯ್ ಎಂಬ ಬೌದ್ಧ ಗುರು ಕಟ್ಟಿದ ಕ್ಷೇತ್ರ ಅದು, ಒಸಾಕಾದಿಂದ ರೈಲಿದೆ. ಅಲ್ಲಿನ ಮಠಗಳಲ್ಲೇ ಉಳಿದುಕೊಳ್ಳಬಹುದು. ಮಠದ ಊಟಕ್ಕೆ 'ಶೋಜಿನ್ ರ್ಯೋರಿ' ಅನ್ನುತ್ತಾರೆ. ಮೀನಿಲ್ಲ, ಮಾಂಸವಿಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನಿಂದ ಮಾಡಿದ ತೋಫು, ಬೇಯಿಸಿದ ಗೆಡ್ಡೆ, ಅನ್ನ, ಉಪ್ಪಿನಕಾಯಿ. ನಮ್ಮ ಮನೆಯ ಹಿರಿಯರು ಜಪಾನಿನಲ್ಲಿ ಅನುಮಾನವಿಲ್ಲದೆ ನೆಮ್ಮದಿಯಾಗಿ ಉಣ್ಣುವ ಊಟ ಇದು.

ಊರಿನಿಂದ ಏನು ಒಯ್ಯಬಹುದು? ಬಿಸಿನೀರು ಹಾಕಿದರೆ ಆಗುವಂಥ ಪೊಟ್ಟಣಗಳು, ಚಟ್ನಿಪುಡಿ, ಪುಳಿಯೋಗರೆ ಪುಡಿ. ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ ಇಟ್ಟರೆ ಸಾಕು, ಕಲಸಿಕೊಂಡು ತಿನ್ನಬಹುದು. ಕರಿಬೇವು, ಹಸಿಮೆಣಸು, ಮಾವಿನಹಣ್ಣು ಬೇಡ. ಹಸಿ ಸೊಪ್ಪು, ಹಣ್ಣುಗಳಿಗೆ ತಪಾಸಣೆಯ ಸರ್ಟಿಫಿಕೇಟ್ ಕೇಳುತ್ತಾರೆ. ಮಾಂಸದಿಂದ ಮಾಡಿದ್ದು ಯಾವುದನ್ನೂ ಒಯ್ಯುವಂತಿಲ್ಲ. ಇಲ್ಲಿನ ರೈಸ್ ಕುಕ್ಕರನ್ನೂ ಒಯ್ಯಬೇಡಿ. ಅಲ್ಲಿ ವಿದ್ಯುತ್ತು ಬರೀ 100 ವೋಲ್ಟು, ನಮ್ಮ ಕುಕ್ಕರ್ ಸರಿಯಾಗಿ ಕಾಯುವುದೇ ಇಲ್ಲ. ಫೋನ್ ಚಾರ್ಜರಿಗೆ ತೊಂದರೆಯಿಲ್ಲ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು ಅಷ್ಟೇ.

ಮಾಂಸಾಹಾರಿಗಳಿಗೆ ಕಷ್ಟ ಕಡಿಮೆ. ಆದರೆ ರಾಮೆನ್ ಸಾರಿನಲ್ಲಿ ಹಂದಿ ಮೂಳೆ ಹಾಕುವುದು ಬಹಳ ಸಾಮಾನ್ಯ. ಹಂದಿ, ದನದ ಮಾಂಸ ತಿನ್ನದವರು ಕೇಳಿಯೇ ತಿನ್ನಿ.

ಇನ್ನು ನಡಿಗೆ. ಜಪಾನಿನಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ನಡೆದಿದ್ದು ಗೊತ್ತೇ ಆಗುವುದಿಲ್ಲ, ರಾತ್ರಿ ಕಾಲು ಹೇಳುತ್ತದೆ. ಸ್ಟೇಷನ್ನಿನ ಒಳಗೇ ಅರ್ಧ ನಡಿಗೆ ಮುಗಿದಿರುತ್ತದೆ. ಟೋಕಿಯೋದ ಶಿಂಜುಕು ಸ್ಟೇಷನ್ನಿಗೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ. ಯಾವ ದ್ವಾರದಿಂದ ಹೊರಬರಬೇಕು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮಂಡಿ ನೋವಿರುವವರು ಲಿಫ್ಟ್ ಇರುವ ದ್ವಾರವನ್ನೇ ಹುಡುಕಿ, ಸಾಮಾನ್ಯವಾಗಿ ಒಂದಾದರೂ ಇರುತ್ತದೆ. ಹೊರಡುವ ತಿಂಗಳ ಮುಂಚಿನಿಂದ ದಿನಾ ಒಂದು ಗಂಟೆ ನಡೆಯಿರಿ. ಹೊಸ ಶೂ ಹಾಕಿಕೊಂಡು ಹೋಗಬೇಡಿ. ಸುಲಭವಾಗಿ ಬಿಚ್ಚುವ ಶೂ ಇರಲಿ. ದೇವಸ್ಥಾನ, ಸಾಂಪ್ರದಾಯಿಕ ವಸತಿಗೃಹ, ಕೆಲವು ಹೋಟೆಲುಗಳಲ್ಲೂ ಬಿಚ್ಚಬೇಕು. ತತಾಮಿ ಚಾಪೆಯ ಮೇಲೆ ಚಪ್ಪಲಿಯೂ ಬೇಡ, ಸಾಕ್ಸ್ ಅಥವಾ ಬರಿಗಾಲು.

ಇದೇ ಕಾರಣಕ್ಕೆ ಊರುಗಳ ಪಟ್ಟಿ ಉದ್ದ ಮಾಡಬೇಡಿ. ಎಂಟು ಹತ್ತು ದಿನಕ್ಕೆ ಆರು ಊರು ತೋರಿಸುವ ಪ್ಯಾಕೇಜುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿ ಬಂದಂತೆ ಆಗುತ್ತದೆ. ಟೋಕಿಯೋದಲ್ಲಿ ನಾಲ್ಕು ದಿನ, ಕ್ಯೋಟೋದಲ್ಲಿ ನಾಲ್ಕು ದಿನ ಇರಿ. ಕ್ಯೋಟೋದಿಂದ ಒಸಾಕಾ ಅರ್ಧ ಗಂಟೆ, ನಾರಾ ಮುಕ್ಕಾಲು ಗಂಟೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಾರಾದ ತೋದಾಯ್‌ಜಿ ದೇವಾಲಯವನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿನ ದೊಡ್ಡ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ಬರೆಯುವ ವಿಧಿ ನಡೆಸಿದ್ದು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಅಷ್ಟು ದೊಡ್ಡ ರಾಜ್ಯ ಸಮಾರಂಭದಲ್ಲಿ ಆ ಕುಂಚ ಹಿಡಿದ ಕೈ ನಮ್ಮ ನಾಡಿನದು. ಇದು ತಿಳಿದು ಹೋದರೆ ಆ ಬುದ್ಧನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ.

ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಸೀಟು ಕಾದಿರಿಸುವಾಗ 'ಇ' ಅಕ್ಷರದ ಕಿಟಕಿ ಸೀಟು ಕೇಳಿ. ಮೋಡ ಇಲ್ಲದಿದ್ದರೆ ಬಲಗಡೆ ಫೂಜಿ ಪರ್ವತ ಕಾಣುತ್ತದೆ. ಇಷ್ಟು ದಿನ ಅಂತ ಒಮ್ಮೆಗೇ ದುಡ್ಡು ಕಟ್ಟಿ ರೈಲಿನಲ್ಲಿ ಓಡಾಡುವ ಜೆಆರ್ ಪಾಸ್ ತಗೊಳ್ಳಿ ಅಂತ ಈಗಲೂ ಹಲವರು ಹೇಳುತ್ತಾರೆ. ಅದು ಹಳೆಯ ಲೆಕ್ಕ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ ಸುಮಾರು 30,000ದಿಂದ 50,000 ಯೆನ್‌ಗೆ ಏರಿತು. ಟೋಕಿಯೋ ಕ್ಯೋಟೋ ಒಂದು ಕಡೆಯ ಟಿಕೆಟ್ ಸುಮಾರು 14,000 ಯೆನ್. ಹೋಗಿ ಬಂದರೂ ಪಾಸಿನಷ್ಟು ಆಗುವುದಿಲ್ಲ. ಬಹಳ ದೂರದ ಊರುಗಳಿಗೆ ಹೋಗುವವರು ಮಾತ್ರ ಪಾಸಿನ ಬಗ್ಗೆ ಯೋಚಿಸಲಿ.

ಊರೊಳಗಿನ ರೈಲು, ಬಸ್ಸಿಗೆ ಮೊದಲೇ ಹಣ ತುಂಬಿಸಿಡುವ ಸುಯಿಕಾ ಅಥವಾ ಇಕೋಕಾ ಅಂಥ ಕಾರ್ಡು. ಒಬ್ಬೊಬ್ಬರಿಗೂ ಒಂದೊಂದು ಬೇಕು. ಗೇಟಿನಲ್ಲಿ ತಾಗಿಸಿ ಒಳಗೆ, ತಾಗಿಸಿ ಹೊರಗೆ. ಅಂಗಡಿಯಲ್ಲಿ ಸಾಮಾನು ಕೊಳ್ಳಲೂ ಆಗುತ್ತದೆ. ಆದರೆ ನಗದು ಪೂರ್ತಿ ಬಿಡಬೇಡಿ. ದೇವಸ್ಥಾನ, ಸಣ್ಣ ಹೋಟೆಲು, ಹಳ್ಳಿ ಬಸ್ಸಿನಲ್ಲಿ ನೋಟು ನಾಣ್ಯವೇ ಬೇಕಾಗಬಹುದು. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂನಲ್ಲಿ ಹೊರದೇಶದ ಕಾರ್ಡು ನಡೆಯುತ್ತದೆ. ಟಿಪ್ಸ್ ಎಲ್ಲೂ ಕೊಡಬೇಡಿ, ಬಿಟ್ಟು ಬಂದರೆ ಹಿಂದೆ ಓಡಿ ಬಂದು ಕೊಟ್ಟಾರು.

ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತಿಳಿಯುವುದು ಬೇಡವೇ ಬೇಡ. 'ತಕ್ಯೂಬಿನ್' ಎಂಬ ಸಾಗಣೆ ವ್ಯವಸ್ಥೆ ಇದೆ. ಬೆಳಿಗ್ಗೆ ಹೋಟೆಲಿನ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟು ಮುಂದಿನ ಹೋಟೆಲಿನ ವಿಳಾಸ ಬರೆದರೆ ಸಾಮಾನ್ಯವಾಗಿ ಮಾರನೆಯ ದಿನ ಅಲ್ಲಿರುತ್ತದೆ. ಒಂದು ಜೊತೆ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ. ಈ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಸೊಂಟ ಉಳಿಯುತ್ತದೆ. ರೈಲಿನಲ್ಲೇ ಒಯ್ಯುತ್ತೇವೆ ಅನ್ನುವವರು ಅಳತೆ ನೋಡಿಕೊಳ್ಳಿ. ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಟೋಕಿಯೋ ಕ್ಯೋಟೋ ಮಾರ್ಗದಲ್ಲಿ ಲಗೇಜು ಜಾಗ ಇರುವ ಸೀಟನ್ನೇ ಮೊದಲೇ ಕಾದಿರಿಸಬೇಕು.

ನಡವಳಿಕೆಯ ಬಗ್ಗೆ ಹೆದರಿಸುವವರು ಬಹಳ. ಅಷ್ಟೆಲ್ಲ ಇಲ್ಲ. ರೈಲಿನಲ್ಲಿ ಫೋನ್ ಮಾತು ಬೇಡ, ನಮ್ಮ ನಮ್ಮಲ್ಲಿ ಮಾತಾಡುವಾಗಲೂ ದನಿ ತಗ್ಗಿಸೋಣ. ಸಾಲು ಮುರಿಯಬಾರದು. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬಾರದು, ಅದು ಸಾವಿನ ಮನೆಯ ಪದ್ಧತಿ. ಬೀದಿಯಲ್ಲಿ ಕಸದ ಡಬ್ಬಿ ಬಹಳ ಕಡಿಮೆ. 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ವಿಷಾನಿಲ ದಾಳಿ ಆದ ಮೇಲೆ ಎಷ್ಟೋ ಕಡೆ ತೆಗೆದುಬಿಟ್ಟರು. ಒಂದು ಚೀಲ ಇಟ್ಟುಕೊಂಡು ಕಸವನ್ನು ಹೋಟೆಲಿಗೆ ತನ್ನಿ. ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಗೇಶಾ ಎಂಬ ಹಾಡು ನೃತ್ಯದ ಕಲಾವಿದೆಯರನ್ನು ಅಡ್ಡಗಟ್ಟಿ ಫೋಟೋ ತೆಗೆಯುವ ಪ್ರವಾಸಿಗರ ಕಾಟ ತಡೆಯಲಾರದೆ 2024ರಲ್ಲಿ ಅಲ್ಲಿನ ಕೆಲವು ಖಾಸಗಿ ಓಣಿಗಳನ್ನೇ ಮುಚ್ಚಿದ್ದಾರೆ. ಅವರು ಕೆಲಸಕ್ಕೆ ಹೊರಟ ಮನುಷ್ಯರು. ದಾರಿ ಬಿಡಿ.

ಶೌಚಾಲಯದ ಬಗ್ಗೆ ಚಿಂತೆ ಬೇಡ. ನೀರು ಚಿಮ್ಮುವ ವ್ಯವಸ್ಥೆ ಬಹಳ ಕಡೆ ಇದೆ, ಚೊಕ್ಕಟವಾಗಿಯೂ ಇರುತ್ತದೆ. ನಲ್ಲಿ ನೀರು ಕುಡಿಯಬಹುದು.

ಕೊನೆಗೆ ಸುರಕ್ಷತೆ. ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಬೇಕು, ಅದು ಅಲ್ಲಿನ ಕಾನೂನು. ಪ್ರವಾಸದ ವಿಮೆ ಮಾಡಿಸಿ, ಆಸ್ಪತ್ರೆ ಖರ್ಚು ಬಹಳ. ಪೊಲೀಸರಿಗೆ 110, ಆಂಬುಲೆನ್ಸಿಗೆ ಮತ್ತು ಬೆಂಕಿಗೆ 119. ಭೂಮಿ ನಡುಗಿದರೆ ಹೊರಗೆ ಓಡಬೇಡಿ. ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಿ, ನಡುಕ ನಿಂತ ಮೇಲೆ ಹೋಟೆಲಿನವರು ಹೇಳಿದ ಹಾಗೆ ಮಾಡಿ. ಸಮುದ್ರದ ಹತ್ತಿರ ಇದ್ದರೆ ಮಾತ್ರ ನಡುಕ ನಿಂತ ಕೂಡಲೇ ಎತ್ತರದ ಜಾಗಕ್ಕೆ ಹೋಗಿ, ಯಾರಾದರೂ ಹೇಳಲಿ ಅಂತ ಕಾಯಬೇಡಿ. ಏನಾದರೂ ಕಳೆದುಹೋದರೆ ಹತ್ತಿರದ 'ಕೋಬಾನ್' ಎಂಬ ಪೊಲೀಸ್ ಚೌಕಿಗೆ ಹೋಗಿ ಬರೆಸಿ. ಸಿಕ್ಕಿದ್ದನ್ನು ತಂದು ಒಪ್ಪಿಸುವ ಅಭ್ಯಾಸ ಅಲ್ಲಿನ ಜನಕ್ಕಿದೆ.

ವಾಪಸು ಹೊರಡುವ ದಿನ ನಾಣ್ಯಗಳನ್ನೆಲ್ಲ ಸುಯಿಕಾ ಕಾರ್ಡಿನಲ್ಲಿ ಉಳಿದ ಹಣದ ಜೊತೆ ಸೇರಿಸಿ ವಿಮಾನ ನಿಲ್ದಾಣದ ಅಂಗಡಿಯಲ್ಲೇ ಖರ್ಚು ಮಾಡಿಬಿಡಿ. ಊರಿಗೆ ಬಂದ ಮೇಲೆ ಹಣ ಬದಲಿಸುವವರು ನಾಣ್ಯ ತೆಗೆದುಕೊಳ್ಳುವುದಿಲ್ಲ.

ನಮಸ್ಕಾರ.