ಬಾಯಿಲ್ಲದ ವಾದ್ಯಕ್ಕೆ ಹಾಡು

ಕೇಳುಗರಿಗೆ ನಮಸ್ಕಾರ.

ಟ್ರಾಂಬೋನ್ ನೋಡಿದ್ದೀರಲ್ಲ? ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಎಳೆದು ಊದುತ್ತಾರೆ. ಬ್ಯಾಂಡ್‌ಸೆಟ್‌ನಲ್ಲಿ ಅದರ ಅಬ್ಬರ ಕೇಳಿದವರಿಗೆ, ಇದು ಪ್ರಾರ್ಥನೆಯ ವಾದ್ಯ ಅಂದರೆ ನಗು ಬರಬಹುದು. ಆದರೆ ಯುರೋಪಿನ ಚರ್ಚುಗಳಲ್ಲಿ ಇದು ನೂರಾರು ವರ್ಷ ಹಾಡುಗಾರರ ಪಕ್ಕದಲ್ಲೇ ನಿಂತು, ಅವರ ಸ್ವರವನ್ನೇ ಮೆತ್ತಗೆ ಊದಿದೆ.

ಆಸ್ಟ್ರಿಯಾದಲ್ಲಿ ಲಿಂಝ್ ಅಂತ ಒಂದು ಊರು. 1812ರಲ್ಲಿ ಬೇಥೋವನ್ ಅಲ್ಲಿದ್ದಾಗ, ಸತ್ತವರನ್ನು ನೆನೆಯುವ ದಿನಕ್ಕೆಂದು ನಾಲ್ಕು ಟ್ರಾಂಬೋನ್‌ಗಳಿಗೆ ಪುಟ್ಟ ತುಣುಕುಗಳನ್ನು ಬರೆದುಕೊಟ್ಟರು. 1827ರಲ್ಲಿ ಅವರದೇ ಶವಯಾತ್ರೆಯಲ್ಲಿ ಅವುಗಳಲ್ಲಿ ಎರಡಕ್ಕೆ ಲ್ಯಾಟಿನ್ ಮಾತು ಕೂಡಿಸಿ ಹಾಡಿದರು. ಊದಲು ಬರೆದದ್ದು ಹಾಡಾಯಿತು. ನಾನು ಮಾಡಹೊರಟದ್ದು ಇದರ ಉಲ್ಟಾ: ಹಾಡಲು ಬರೆದದ್ದನ್ನು ಟ್ರಾಂಬೋನ್‌ನಲ್ಲಿ ಊದಿಸುವುದು.

ಅದೇ ಲಿಂಝ್‌ನಲ್ಲಿ ಆರ್ಗನ್, ಅಂದರೆ ಕೈಯಲ್ಲೂ ಕಾಲಲ್ಲೂ ನುಡಿಸುವ ಚರ್ಚಿನ ದೊಡ್ಡ ಪೈಪ್ ವಾದ್ಯ, ನುಡಿಸುತ್ತಿದ್ದವರು ಸಂಗೀತ ರಚನಕಾರ ಆಂಟನ್ ಬ್ರೂಕ್ನರ್. 1869ರಲ್ಲಿ, ಅಲ್ಲಿ ಕಟ್ಟುತ್ತಿದ್ದ ಹೊಸ ಕ್ಯಾಥೆಡ್ರಲ್‌ನ ಚಾಪೆಲ್‌ಗಾಗಿ, ಅಂದರೆ ಅದರೊಳಗಿನ ಪುಟ್ಟ ಪ್ರಾರ್ಥನಾ ಮಂದಿರಕ್ಕಾಗಿ, ‘ಲೋಕುಸ್ ಇಸ್ತೆ’ ಅನ್ನುವ ಲ್ಯಾಟಿನ್ ಹಾಡು ಬರೆದರು. ಈ ಜಾಗ ದೇವರೇ ಮಾಡಿದ್ದು ಅಂತ ಶುರುವಾಗುತ್ತದೆ. ನಾಲ್ಕು ಕಂಠ ಅಷ್ಟೇ, ಪಕ್ಕವಾದ್ಯ ಇಲ್ಲ.

ನಾಲ್ಕು ಕಂಠಕ್ಕೆ ನಾಲ್ಕು ಟ್ರಾಂಬೋನ್, ಮೇಲೆ ಆರ್ಗನ್. ಸುಮ್ನೆ ನಕಲು ಮಾಡಿದರೆ ಸಾಕಲ್ವಾ? ನಾನೂ ಹಾಗೇ ಅಂದುಕೊಂಡು, ಆರ್ಗನ್‌ಗೂ ನಾಲ್ಕೂ ಸ್ವರ ಬರೆದೆ. ಊದಿಸಿ ಕೇಳಿದರೆ ಕಿವಿಯಲ್ಲಿ ಮರಳು ಹಾಕಿದ ಹಾಗಿತ್ತು!

ತಪ್ಪು ಗಾಂಧಾರದ್ದು. ಟ್ರಾಂಬೋನ್‌ನವರು ಕೊಳವೆಯನ್ನು ಒಂದು ಚೂರು ಸರಿಸಿ ಗಾಂಧಾರವನ್ನು ಶ್ರುತಿಗೆ ಕೂರಿಸಿಕೊಳ್ಳುತ್ತಾರೆ, ನಮ್ಮ ಹಾಡುಗಾರರು ತಂಬೂರಿ ಕೇಳಿಕೊಂಡು ಮಾಡುವ ಹಾಗೆ. ಆರ್ಗನ್‌ನ ಗಾಂಧಾರ ಹಾರ್ಮೋನಿಯಂನದರ ಹಾಗೆ ತುಸು ಮೇಲೇ ನಿಂತಿರುತ್ತದೆ. ಪೈಪಿಗೆ ಎಷ್ಟು ಬೇಡಿಕೊಂಡರೂ ಇಳಿಯುವುದಿಲ್ಲ. ಕೊನೆಗೆ ಆರ್ಗನ್‌ಗೆ ಎಲ್ಲಕ್ಕಿಂತ ಮೇಲಿನ ಕಂಠವನ್ನಷ್ಟೇ ಬಿಟ್ಟೆ. ಅದು ಟ್ರಾಂಬೋನ್‌ಗೆ ಹೇಗೂ ಜಾಸ್ತಿ ಎತ್ತರ. ಕೆಳಗಿನ ಮೂರಕ್ಕೆ ಮೂರು ಟ್ರಾಂಬೋನ್. ವಿಯೆನ್ನಾ ಕಡೆಯ ಹಳಬರೂ ಹೀಗೇ ಮಾಡುತ್ತಿದ್ದರು. ಅವರನ್ನು ಮೊದಲೇ ಕೇಳಬೇಕಿತ್ತು.

ಹಾಡಿನ ನಡುವೆ ಒಂದು ಕಡೆ ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಕಂಠ, ಸುಮ್ಮನಾಗುತ್ತದೆ. ಉಳಿದ ಮೂರೂ ಅರ್ಧರ್ಧ ಸ್ವರದಲ್ಲಿ ಕೆಳಗೆ ಇಳಿಯುತ್ತವೆ. ಬಾಸ್ ಟ್ರಾಂಬೋನ್‌ನವರು ಖಾಲಿ ಕೂತಿದ್ದಾರಲ್ಲ, ಏನಾದರೂ ಕೊಡೋಣ ಅನಿಸುತ್ತದೆ. ಕೊಡಬಾರದು. ಕಾಲ ಕೆಳಗೆ ನೆಲ ಇಲ್ಲದ ಹಾಗಾಗುವುದೇ ಅಲ್ಲಿನ ಸೊಗಸು.

ಇನ್ನು ಮಾತು. ನಾಗಸ್ವರದವರು ಕೃತಿ ನುಡಿಸುವಾಗ ಸಾಹಿತ್ಯ ಮನಸ್ಸಿನಲ್ಲಿ ಇರುತ್ತದಲ್ಲ? ಅದಕ್ಕೇ ಪದ ಮುರಿಯುವ ಕಡೆ ಉಸಿರು ಎಳೆಯುವುದಿಲ್ಲ. ಟ್ರಾಂಬೋನ್‌ನವರ ಹಾಳೆಯಲ್ಲೂ ಪ್ರತಿ ಸ್ವರದ ಕೆಳಗೆ ಲ್ಯಾಟಿನ್ ಅಕ್ಷರ ಬರೆದೆ. ಉಸಿರು ತಾನಾಗಿ ಸರಿಯಾಯಿತು. ಕೊಳವೆ ಎಳೆಯುವಾಗ ಬರುವ ಜಾರು ಮಾತ್ರ ಇಲ್ಲಿ ಬೇಡ. ನಾಲಿಗೆಯಲ್ಲಿ ಮೆತ್ತಗೆ ‘ದ’ ಅಂದು ಅದನ್ನು ಮುಚ್ಚುತ್ತಾರೆ.

ಹಾಡಿನ ಕೊನೆಯ ಸಾಲಿಗೆ ಮುಂಚೆ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ಆಗ ಹಾಡುವುದು ಕಲ್ಲಿನ ಗೋಡೆ. ಆರ್ಗನ್‌ನವರಿಗೆ ಸ್ವರ ಹಿಡಿದಿಟ್ಟೇ ರೂಢಿ. ಹಾಗಾಗಿ ಅವರ ಹಾಳೆಯಲ್ಲಿ ಆ ಜಾಗದ ಮೇಲೆ ಪೆನ್ಸಿಲ್‌ನಲ್ಲಿ ದಪ್ಪಗೆ ಬರೆದಿದ್ದೇನೆ: ‘ಕೈ ಎತ್ತಿ. ಕಾಲೂ ಎತ್ತಿ.’