ಅಲಗಿನೊಳಗಿನ ಹರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಕಳೆದ ದೀಪಾವಳಿಗೆ ಊರಿಗೆ ಬಂದಾಗ ಜೇಬಿನಿಂದ ಒಂದು ಮಡಚುವ ಚಾಕು ತೆಗೆದು ನನ್ನ ಕೈಗಿಟ್ಟ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬೂದುಬಣ್ಣದ ಟೈಟಾನಿಯಂ ಹಿಡಿ. ಹೆಬ್ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಅಲಗು ತೇಲಿಕೊಂಡು ಹೊರಬಂದು ಟಕ್ ಎಂದು ಕೂರುತ್ತದೆ. ಹಿಡಿಯ ಒಂದು ಪಕ್ಕದ ತಗಡೇ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ಬೇರೆ ಚಿಲಕ ಇಲ್ಲ. ಬೆಲೆ 400 ಡಾಲರಿಗೂ ಮೇಲೆ ಎಂದಾಗ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಮಾಮ, ನೀವು ಮೂವತ್ತು ವರ್ಷ ಉಕ್ಕಿನ ಜೊತೆ ಕೆಲಸ ಮಾಡಿದವರು. ಈ ಅಲಗಲ್ಲಿ ಅಂಥದ್ದೇನಿದೆ, ನೀವೇ ಹೇಳಿ" ಅಂದ.

ಪೀಣ್ಯದ ಟೂಲ್ ರೂಮಿನಲ್ಲಿ ನಾವು ಬಳಸುತ್ತಿದ್ದದ್ದು ಮುಖ್ಯವಾಗಿ ಎರಡು ಉಕ್ಕು. ಒಂದು ಓಎಚ್‌ಎನ್‌ಎಸ್. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಡುಸಾಗುವಂಥದ್ದು. ಇನ್ನೊಂದು ಎಚ್‌ಸಿಎಚ್‌ಸಿ, ಅಂದರೆ ಇಂಗಾಲವೂ ಕ್ರೋಮಿಯಂ ಕೂಡ ಜಾಸ್ತಿ ಇರುವಂಥದ್ದು. ಅದರಲ್ಲಿ ಡಿ2 ಎಂಬ ಜಾತಿಗೆ ಇಂಗಾಲ ಸುಮಾರು ಶೇಕಡಾ 1.5, ಕ್ರೋಮಿಯಂ ಸುಮಾರು 12. ಪ್ರೆಸ್ಸಿನ ಡೈಗಳಿಗೆ, ಅಂದರೆ ಅಚ್ಚುಗಳಿಗೆ, ಅದೇ. ಚಾಕುಗಳಲ್ಲೂ ಅದು ಧಾರಾಳವಾಗಿ ಬರುತ್ತದೆ. ಡಿ2 ಅಲಗಿನಲ್ಲಿ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಬೆಳಗಾಗುವುದರಲ್ಲಿ ಚುಕ್ಕೆ ಚುಕ್ಕೆಯಾಗಿ ಕಲೆ ಕೂತಿರುತ್ತದೆ. ತುಕ್ಕು ತಡೆಯುವ ಕ್ರೋಮಿಯಂ 12 ಇದ್ದೂ ತುಕ್ಕೇ? ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಅಲಗಿನ ಉಕ್ಕುಗಳ ವ್ಯತ್ಯಾಸವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಉಕ್ಕಿನಲ್ಲಿರುವ ಇಂಗಾಲ ಜೊತೆಯ ಲೋಹಗಳನ್ನು ಕೂಡಿಕೊಂಡು ಅತಿ ಗಡುಸಾದ ಸಣ್ಣ ಹರಳುಗಳನ್ನು ಕಟ್ಟುತ್ತದೆ. ಅವಕ್ಕೆ ಕಾರ್ಬೈಡ್ ಎನ್ನುತ್ತಾರೆ. ರಟ್ಟು, ಹಗ್ಗ, ಪ್ಲಾಸ್ಟಿಕ್ ಕುಯ್ಯುವಾಗ ಅಲಗಿನ ಬಾಯಿ, ಅಂದರೆ ಹರಿತವಾದ ಅಂಚು, ಬೇಗ ಸವೆಯದಂತೆ ತಡೆಯುವುದು ಈ ಹರಳುಗಳೇ. ಆದರೆ ಕ್ರೋಮಿಯಂ ತುಕ್ಕು ತಡೆಯಬೇಕಾದರೆ ಉಕ್ಕಿನಲ್ಲಿ ಬಿಡಿಯಾಗಿ ಕರಗಿರಬೇಕು. ಹರಳೊಳಗೆ ಸಿಕ್ಕಿಕೊಂಡ ಕ್ರೋಮಿಯಂ ಆ ಕೆಲಸಕ್ಕೆ ಬರುವುದಿಲ್ಲ. ಡಿ2ನಲ್ಲಿ ಆಗುವುದು ಅದೇ. ಜೊತೆಗೆ ಕುಲುಮೆಯಲ್ಲಿ ಕರಗಿಸಿ ಎರಕ ಹೊಯ್ದ ಗಟ್ಟಿ ನಿಧಾನವಾಗಿ ಆರುವುದರಿಂದ ಹರಳುಗಳು ದಪ್ಪ ದಪ್ಪ ಬೆಳೆಯುತ್ತವೆ. ಸರಿಯಾಗಿ ತಿರುವದ ರಾಗಿ ಮುದ್ದೆಯಲ್ಲಿ ಗಂಟು ಉಳಿದ ಹಾಗೆ. ತೆಳ್ಳಗೆ ಸಾಣೆ ಹಿಡಿದ ಬಾಯಿಯಲ್ಲಿ ಅಂಥ ಗಂಟು ಸಿಕ್ಕಿದರೆ ಅಲ್ಲೇ ಚಕ್ಕೆ ಏಳುತ್ತದೆ.

ಮುದ್ದೆಯ ಗಂಟು ಬಿಡಿಸುವ ಉಪಾಯವೇ ಪುಡಿ ಉಕ್ಕು. ಕರಗಿದ ಉಕ್ಕು ಸಣ್ಣ ಧಾರೆಯಾಗಿ ಇಳಿಯುವಾಗ ಭಾರಿ ಒತ್ತಡದ ಸಾರಜನಕ ಬೀಸಿ ಅದನ್ನು ಹಿಟ್ಟಿನಂತೆ ಚದುರಿಸುತ್ತಾರೆ. ಪ್ರತಿ ಕಣವೂ ಕ್ಷಣದಲ್ಲಿ ಆರಿಹೋಗುವುದರಿಂದ ಹರಳು ಬೆಳೆಯಲು ಸಮಯವೇ ಸಿಗುವುದಿಲ್ಲ. ಆ ಪುಡಿಯನ್ನು ಡಬ್ಬಿಯಲ್ಲಿ ತುಂಬಿ, ಗಾಳಿ ಎಳೆದು, ಬಿಸಿಯಲ್ಲಿ ಎಲ್ಲ ಕಡೆಯಿಂದ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿದ್ದ ಕ್ರೂಸಿಬಲ್ ಕಂಪನಿ ಹೀಗೆ ಮಾಡಿದ ಉಕ್ಕುಗಳಿಗೆ ಸಿಪಿಎಂ ಎಂದು ಹೆಸರಿಟ್ಟಿತು. ಕ್ರೂಸಿಬಲ್ ಅಂದರೆ ಮೂಸೆ, ಲೋಹ ಕರಗಿಸುವ ಕುಡಿಕೆ. ಆ ಹೆಸರಿನ ಕಡೆಗೆ ಆಮೇಲೆ ಬರುತ್ತೇನೆ.

ಅಕ್ಕನ ಮಗ ತಂದ ಚಾಕುವಿನ ಹೆಸರು ಸೆಬೆಂಜಾ. ಜುಲು ಭಾಷೆಯಲ್ಲಿ ಕೆಲಸ ಎಂದರ್ಥ. ಇದನ್ನು ರೂಪಿಸಿದ ಕ್ರಿಸ್ ರೀವ್ ದಕ್ಷಿಣ ಆಫ್ರಿಕಾದವರು. 1989ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಗೆ ಹೋಗಿ ನೆಲೆಸಿದರು. ಈ ಒಂದು ಚಾಕುವಿನ ಅಲಗನ್ನು ಹಿಂಬಾಲಿಸಿದರೆ ಸಾಕು, ಮೂವತ್ತು ವರ್ಷದ ಉಕ್ಕಿನ ಚರಿತ್ರೆ ಕಾಣುತ್ತದೆ. ಮೊದಮೊದಲು ಅದರಲ್ಲಿದ್ದದ್ದು ಜಪಾನಿನ ಎಟಿಎಸ್-34, ಎರಕದ ಉಕ್ಕು. 2001ರಲ್ಲಿ ಕ್ರೂಸಿಬಲ್‌ನ ಡಿಕ್ ಬಾರ್ಬರ್, ರೀವ್ ಅವರಂಥ ಚಾಕು ಮಾಡುವವರ ಮಾತು ಕೇಳಿಕೊಂಡು ಎಸ್30ವಿ ಎಂಬ ಪುಡಿ ಉಕ್ಕು ತಂದರು. ಯಂತ್ರದ ಭಾಗಗಳಿಗೆಂದು ಮಾಡಿದ್ದನ್ನು ಎರವಲು ತಂದದ್ದಲ್ಲ, ಚಾಕುವಿಗೆಂದೇ ಕಟ್ಟಿದ್ದು. ಇಂಗಾಲ 1.45, ಕ್ರೋಮಿಯಂ 14, ವನೇಡಿಯಂ 4. ಇಲ್ಲಿ ಗಮನಿಸಬೇಕಾದ್ದು ವನೇಡಿಯಂ ಎಂಬ ಲೋಹ. ಗಡುಸು ಅಳೆಯುವ ವಿಕರ್ಸ್ ಅಳತೆಯಲ್ಲಿ ಕ್ರೋಮಿಯಂ ಹರಳು ಸುಮಾರು 1500 ಇದ್ದರೆ ವನೇಡಿಯಂ ಹರಳು 2800ರ ಆಸುಪಾಸು. ಸವೆತ ತಡೆಯುವುದರಲ್ಲಿ ಅದೇ ಗಟ್ಟಿಗ.

2009ರಲ್ಲಿ ಬಂದ ಎಸ್35ವಿಎನ್‌ನಲ್ಲಿ ವನೇಡಿಯಂ ನೂರಕ್ಕೆ ಒಂದು ಪಾಲು ಇಳಿದು ನಯೋಬಿಯಂ ಎಂಬ ಇನ್ನೊಂದು ಲೋಹ ಅರ್ಧ ಪಾಲು ಸೇರಿತು. ಪೆಟ್ಟು ತಾಳಿಕೊಳ್ಳುವ ಗುಣ ಸ್ವಲ್ಪ ಹೆಚ್ಚಿತು, ಸಾಣೆ ಹಿಡಿಯುವುದು ಸುಲಭವಾಯಿತು. ಆಮೇಲಿನ ಎಸ್45ವಿಎನ್‌ನಲ್ಲಿ ಕ್ರೋಮಿಯಂ 16ಕ್ಕೆ ಏರಿತು. ಕೈಗೆ ಗೊತ್ತಾಗುವಷ್ಟು ವ್ಯತ್ಯಾಸ ಈ ಮೂರರ ನಡುವೆ ಇದೆ ಎಂದು ನನಗನ್ನಿಸುವುದಿಲ್ಲ. ಹೊಸದು ಬಂತೆಂದು ಎಸ್30ವಿ ಚಾಕುವನ್ನು ಮಾರುವವರನ್ನು ಕಂಡರೆ ಬೇಸರವಾಗುತ್ತದೆ.

ಆಸ್ಟ್ರಿಯಾದ ಬೋಹ್ಲರ್ ಕಂಪನಿಯ ಎಂ390 ಇನ್ನೊಂದು ಮನೆತನ. ಇಂಗಾಲ 1.9, ಕ್ರೋಮಿಯಂ 20. ಸಿಪಿಎಂ 20ಸಿವಿ, ಕಾರ್ಪೆಂಟರ್ ಕಂಪನಿಯ 204ಪಿ, ಇವು ಹೆಚ್ಚುಕಡಿಮೆ ಅದೇ ಪಾಕ. ತುಂಬ ಹೊತ್ತು ಬಾಯಿ ಕಾಯುತ್ತದೆ, ತುಕ್ಕಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಹರಳು ಜಾಸ್ತಿಯಾದಷ್ಟೂ ಉಕ್ಕು ಪೆಟ್ಟಿಗೆ ಹೆದರುತ್ತದೆ. ಈ ಅಲಗಿನಿಂದ ಡಬ್ಬಿಯ ಮುಚ್ಚಳ ಮೀಟಬಾರದು.

ಈಗ ಡಿ2ನ ಪ್ರಶ್ನೆಗೆ ಉತ್ತರ. ಲ್ಯಾರಿನ್ ಥಾಮಸ್ ಲೋಹವಿಜ್ಞಾನಿ. ಅವರ ತಂದೆ ಡಮಾಸ್ಕಸ್ ಮಾದರಿಯ ಗೆರೆ ಉಕ್ಕು ಕಟ್ಟುವವರು. ಮಗ ಕೇಳಿಕೊಂಡ ಪ್ರಶ್ನೆ ಇದು: ಕ್ರೋಮಿಯಂ ಹರಳೇ ಕಟ್ಟದ ಹಾಗೆ ಮಾಡಿದರೆ ಹೇಗೆ? ಇಂಗಾಲವನ್ನು 1.15ಕ್ಕೆ ಇಳಿಸಿ, 4 ಪಾಲು ವನೇಡಿಯಂ, 2 ಪಾಲು ನಯೋಬಿಯಂ ಹಾಕಿದರು. ಕ್ರೋಮಿಯಂ ಬರೀ 10.7. ಹೆಚ್ಚುವರಿ ಇಂಗಾಲವನ್ನೆಲ್ಲ ವನೇಡಿಯಂ, ನಯೋಬಿಯಂಗಳೇ ಹಿಡಿದುಕೊಂಡವು. ಹದ ಹಾಕಿದ ಮೇಲೆ ಕ್ರೋಮಿಯಂ ಬಹುತೇಕ ಪೂರಾ ಬಿಡಿಯಾಗಿ ಉಳಿಯಿತು. ಅದಕ್ಕೇ ಹನ್ನೆರಡಿರುವ ಡಿ2 ತುಕ್ಕು ಹಿಡಿದರೆ ಹನ್ನೊಂದೂ ಇಲ್ಲದ ಇದು ಉಪ್ಪು ನೀರಿಗೂ ಜಗ್ಗುವುದಿಲ್ಲ. ಹರಳುಗಳು ಬಲು ಸಣ್ಣವು, ಆದ್ದರಿಂದ ಪೆಟ್ಟು ತಾಳುವುದರಲ್ಲಿ ಎಸ್35ವಿಎನ್ ಅನ್ನು ಚೆನ್ನಾಗಿಯೇ ಮೀರಿಸುತ್ತದೆ. ಹೆಸರು ಮ್ಯಾಗ್ನಾಕಟ್, ಹೊರಬಂದದ್ದು 2021ರಲ್ಲಿ. ನನ್ನ ಕೈಗೆ ಬಂದ ಸೆಬೆಂಜಾದ ಅಲಗು ಇದೇ. ರಟ್ಟು ಕುಯ್ಯುವ ಓಟದಲ್ಲಿ ಎಂ390 ಇದಕ್ಕಿಂತ ತುಸು ಮುಂದೆ ಹೋಗಬಹುದು. ಆದರೂ ದಿನಬಳಕೆಗೆ ಒಂದನ್ನೇ ಆರಿಸು ಎಂದರೆ ನಾನು ಹಿಂದೆ ಮುಂದೆ ನೋಡದೆ ಇದನ್ನೇ ಆರಿಸುತ್ತೇನೆ. ಇದನ್ನು ತಯಾರಿಸಿದ ಕ್ರೂಸಿಬಲ್ ಕಂಪನಿ 2024ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು ಎಂದು ಕೇಳಿ ಮನಸ್ಸಿಗೆ ಕಷ್ಟವಾಯಿತು. ಉಕ್ಕು ಮಾತ್ರ ನಿಂತುಹೋಗಲಿಲ್ಲ, ಎರಾಸ್ಟೀಲ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು.

ಮೂಸೆಯ ಮಾತಿಗೆ ಬರುತ್ತೇನೆಂದೆ. 1800ರ ಹೊತ್ತಿಗೆ ನಮ್ಮ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನವರು ಉಕ್ಕು ಕಾಯಿಸುವುದನ್ನು ಕಂಡು ಬರೆದಿಟ್ಟ. ಅಂಗೈಯಗಲದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿಟ್ಟು ತಿದಿ ಒತ್ತುವುದು. ಆ ಉಕ್ಕೇ ಯುರೋಪಿಗೆ ಹೋಗಿ ವೂಟ್ಸ್ ಆಯಿತು. ನಮ್ಮ 'ಉಕ್ಕು' ಎಂಬ ಮಾತೇ ಹಾಗಾಯಿತೆಂದು ಬಲ್ಲವರು ಹೇಳುತ್ತಾರೆ. ಲಂಡನ್ನಿನಲ್ಲಿ ಚಾಕು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್, ವಿಜ್ಞಾನಿ ಮೈಕೇಲ್ ಫ್ಯಾರಡೆ ಇಬ್ಬರೂ ಕೂಡಿ ಇದರ ಗುಟ್ಟು ಹುಡುಕಿದರು. ಆ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಒಂದೂವರೆ ಪಾಲಿನ ಸುತ್ತಮುತ್ತ. ಎಸ್30ವಿಯಲ್ಲಿ ಇರುವಷ್ಟೇ! ಇನ್ನೂ ಒಂದಿದೆ. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ವೆರ್‌ಹೋವೆನ್, ಕಮ್ಮಾರ ಪೆಂಡ್ರೆ ಇಬ್ಬರೂ ಈ ವೂಟ್ಸ್‌ನಿಂದ ಮಾಡಿದ ಹಳೆಯ ಡಮಾಸ್ಕಸ್ ಕತ್ತಿಗಳ ಮೇಲಿನ ಅಲೆಗೆರೆಗೆ ಕಾರಣ ಹುಡುಕಿ ತೋರಿಸಿದರು. ಅದಿರಿನಿಂದ ಬಂದ ಅತ್ಯಲ್ಪ ಬೇರೆ ಲೋಹ, ಅದರಲ್ಲೂ ವನೇಡಿಯಂ, ಹರಳುಗಳನ್ನು ಸಾಲು ಕಟ್ಟಿಸುತ್ತದೆ. ಶೇಕಡಾ ಒಂದರ ನೂರನೇ ಪಾಲಿಗಿಂತ ಕಡಿಮೆ ಇದ್ದರೂ ಸಾಕು. ಅಕ್ಕನ ಮಗನ ಚಾಕು ಬಿಚ್ಚಿದಾಗಲೆಲ್ಲ ನನಗೆ ಆ ಮೂಸೆಯ ಮುಂದೆ ಕೂತು ತಿದಿ ಒತ್ತಿದವರ ನೆನಪಾಗುತ್ತಿತ್ತು.

ಆದರೆ ಉಕ್ಕಿನ ಹೆಸರೊಂದನ್ನೇ ನೋಡಿ ಹಣ ಕೊಡಬೇಡಿ. ಈ ಅಲಗುಗಳನ್ನು ಸುಮಾರು 1100 ಡಿಗ್ರಿಗೆ ಕಾಯಿಸಿ, ಥಟ್ಟನೆ ಆರಿಸಿ, ಎಷ್ಟೋ ಸಲ ಹೆಪ್ಪುಗಟ್ಟುವ ಚಳಿಗೂ ಒಡ್ಡಿ, ಆಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ಹದ ಹಾಕುತ್ತಾರೆ. ಹದ ತಪ್ಪಿ ಗಡುಸು ರಾಕ್‌ವೆಲ್ ಎಂಬ ಇನ್ನೊಂದು ಅಳತೆಯಲ್ಲಿ 58ಕ್ಕೆ ನಿಂತ ಎಂ390ಗೂ 61 ಮುಟ್ಟಿದ ಎಂ390ಗೂ ಹೆಸರಷ್ಟೇ ಒಂದು. ಸಾಣೆಯ ಕೋನವೂ ಹಾಗೆಯೇ. ಥಾಮಸ್ ಅವರ ಪರೀಕ್ಷೆಗಳಲ್ಲಿ ಬಾಯಿಯ ಕೋನ ಒಂದು ಡಿಗ್ರಿ ಕಡಿಮೆಯಾದರೆ ಬಂದ ಲಾಭ, ಗಡುಸು ಒಂದು ಅಂಕ ಏರಿದರೆ ಬರುವ ಲಾಭಕ್ಕೆ ಸುಮಾರು ಸಮ. ದಪ್ಪ ಬಾಯಿಯ ದುಬಾರಿ ಚಾಕುವಿಗಿಂತ ತೆಳ್ಳಗೆ ಹಿಡಿದ ಸಾದಾ ಚಾಕು ಚೆನ್ನಾಗಿ ಕುಯ್ಯುವುದು ಇದಕ್ಕೇ.

ಒಂದು ತಪ್ಪು ನಾನೇ ಮಾಡಿದ್ದೇನೆ, ಹೇಳಿಬಿಡುತ್ತೇನೆ. ಸ್ನೇಹಿತರೊಬ್ಬರ ಎಂ390 ಚಾಕು ಮೊಂಡಾಗಿತ್ತು. ಆತುರದಲ್ಲಿ ಬೆಂಚ್ ಗ್ರೈಂಡರಿಗೆ ಹಿಡಿದೆ. ನೀರು ಇಲ್ಲ. ಎರಡೇ ಉಸಿರಿನಲ್ಲಿ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ನೋಡುತ್ತಿದ್ದಂತೆ ನೀಲಿಯಾಯಿತು. ನೀಲಿ ಬಂತೆಂದರೆ ಹದ ಹಾಕಿದ ಶಾಖವನ್ನು ಎಷ್ಟೋ ದಾಟಿದೆ ಎಂದರ್ಥ. ಹದ ಹೋಯಿತು. ಅಷ್ಟು ದೂರದ ಉಕ್ಕು ಸವೆಸಿ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಈಗ ನಾನು ಬಳಸುವುದು ವಜ್ರದ ಪುಡಿ ಕೂರಿಸಿದ ತಗಡು. ಸಾಮಾನ್ಯ ಸಾಣೆಕಲ್ಲಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿಗಿಂತ ವನೇಡಿಯಂ ಹರಳೇ ಗಡುಸು, ಕಲ್ಲು ಅದನ್ನು ಕತ್ತರಿಸದೆ ಸುತ್ತಲಿನ ಉಕ್ಕನ್ನಷ್ಟೇ ಉಜ್ಜುತ್ತದೆ. ತಗಡಿನ ಮೇಲೆ ನಾಲ್ಕು ಹನಿ ನೀರು. ಅಲಗಿನ ಬುಡದಿಂದ ಮೊನೆಯವರೆಗೆ ಒಂದೇ ಕೋನ, ಒತ್ತದೆ, ಚಾಕುವಿನ ಭಾರವಷ್ಟೇ. ಆ ಕಡೆ ಅಂಚಿಗೆ ಹೆಬ್ಬೆರಳು ಅಡ್ಡ ಸವರಿದರೆ ಕೂದಲಿಗಿಂತ ಸಣ್ಣ ಒರಟು ತಾಗುತ್ತದೆ. ಅದು ತಾಗಿದ ಮೇಲೆ ಮಗ್ಗುಲು ಬದಲು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಹತ್ತು ಸಲ ಎಳೆದು ಆ ಒರಟು ಕಳೆಯುತ್ತೇನೆ. ಅಕ್ಕನ ಮಗ ಹೊರಡುವ ದಿನ ಹೀಗೆ ಸಾಣೆ ಹಿಡಿದು, ಒರೆಸಿ, ಮಡಚಿ ಕೊಟ್ಟೆ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡ, ದೊಡ್ಡ ಪೆಟ್ಟಿಗೆಯೊಳಗಿಡು ಎಂದೆ.

ನಮಸ್ಕಾರ.