ಬಿಯರ್‌ನ ಹದ ತಿಳಿಯುವುದು ಲೋಟದ ತಳದಲ್ಲಿ

[ದೃಶ್ಯ: ಗಾಜಿನ ಲೋಟಕ್ಕೆ ಕ್ರಾಫ್ಟ್ ಬಿಯರ್ ಸುರಿಯುವುದು. ನೊರೆ ಏರುವ ಸದ್ದು.]

ನಮಸ್ಕಾರ. ಫ್ರಿಜ್‌ನಿಂದ ತೆಗೆದ ಕೂಡಲೇ ಗಟಗಟ ಕುಡಿದರೆ ಹೆಚ್ಚುಕಮ್ಮಿ ಎಲ್ಲ ಬಿಯರೂ ಚೆನ್ನಾಗಿಯೇ ಅನ್ನಿಸುತ್ತದೆ. ಅಷ್ಟು ತಣ್ಣಗಿರುವಾಗ ಸಿಹಿ ನಾಲಿಗೆಗೆ ಸರಿಯಾಗಿ ಹತ್ತುವುದಿಲ್ಲ, ಪರಿಮಳವೂ ಏಳುವುದಿಲ್ಲ. ಕೊರತೆಗಳು ಮುಚ್ಚಿಹೋಗುತ್ತವೆ. ಹಾಗಾಗಿ ಹದ, ಅಂದರೆ ಸಿಹಿ ಕಹಿಗಳ ಹೊಂದಾಣಿಕೆ, ತಿಳಿಯಲು ಇವತ್ತು ನಿಧಾನವಾಗಿ ಕುಡಿಯೋಣ.

ಲೋಟ ಶುದ್ಧವಾಗಿರಲಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತರೆ ಸರಿಯಾಗಿ ತೊಳೆದಿಲ್ಲ ಎಂದರ್ಥ. ಜಿಡ್ಡಿದ್ದರೆ ನೊರೆ ಬೇಗ ಕುಸಿಯುತ್ತದೆ.

[ಹತ್ತಿರದ ಚಿತ್ರ: ನೊರೆಯ ಮೇಲೆ ಮೂಗು]

ಈಗ ಮೂಸಿ ನೋಡಿ. ಬ್ರೆಡ್, ಬಿಸ್ಕತ್ತು, ಕ್ಯಾರಮೆಲ್ ನೆನಪಾದರೆ ಅದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಕಿತ್ತಳೆ ಸಿಪ್ಪೆಯೋ ಹೂವೋ ನೆನಪಾದರೆ ಬಹುತೇಕ ಹಾಪ್ಸ್, ಅಂದರೆ ಬಿಯರ್‌ಗೆ ಹಾಕುವ ಒಂದು ಬಳ್ಳಿಯ ಹೂ. ಈ ಹಾಪ್ಸ್‌ನ ಆಟ ನನಗೆ ತುಂಬ ಇಷ್ಟ. ಬಿಯರ್ ಮಾಡುವಾಗ ಮಾಲ್ಟ್ ರಸದ ಕುದಿ ಶುರುವಾದಾಗ ಹಾಕಿದರೆ ಅದರ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿ ಕೊಡುತ್ತವೆ, ಪರಿಮಳ ಹಬೆಯ ಜೊತೆ ಹಾರಿಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಕಹಿ ಕಡಿಮೆ, ಪರಿಮಳ ಹೆಚ್ಚು. ಹಸಿ ರಟ್ಟಿನ ವಾಸನೆ ಬಂತೇ? ಗಾಳಿ ತಾಗಿ ಹಳತಾದ ಬಿಯರ್, ಕೆಳಗಿಡಿ.

[ಪರದೆಯ ಮೇಲೆ: ಐಬಿಯು 40, ಐಬಿಯು 60]

ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಆ ಅಂಕಿಯೊಂದನ್ನೇ ನಂಬಬೇಡಿ. ಪೇಲ್ ಏಲ್ ಎಂಬ ತಿಳಿಬಣ್ಣದ, ತೆಳುವಾದ ಬಿಯರ್‌ನಲ್ಲಿ 40 ಐಬಿಯು ಚುರುಕ್ ಎನ್ನುತ್ತದೆ. ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು, ದಟ್ಟ ಬಿಯರ್‌ನಲ್ಲಿ 60 ಇದ್ದರೂ ಬಾಯಿಗೆ ಸಿಹಿಯೇ ಮುಂದಾಗಬಹುದು, ಯಾಕೆಂದರೆ ಅಲ್ಲಿ ಉಳಿದಿರುವ ಮಾಲ್ಟ್ ಸಕ್ಕರೆ ಅಷ್ಟಿರುತ್ತದೆ. ಕಹಿಯನ್ನು ಏನು ಹೊತ್ತು ನಿಂತಿದೆ ಅನ್ನುವುದರ ಮೇಲೆ ಹದ ನಿಂತಿದೆ.

ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ಆಗ ಬರುತ್ತದೆ! ಹದವಾದ ಬಿಯರ್‌ನಲ್ಲಿ ಮೊದಲು ಮಾಲ್ಟ್ ಹರಡುತ್ತದೆ, ಹಿಂದೆಯೇ ಕಹಿ ಬಂದು ಆ ಸಿಹಿಯನ್ನು ಒರೆಸಿಕೊಂಡು ಹೋಗುತ್ತದೆ. ಕಹಿ ಗಂಟಲಲ್ಲಿ ಒರಟಾಗಿ ಕೂತುಬಿಟ್ಟರೆ ಹದ ತಪ್ಪಿದೆ. ಬಾಯೆಲ್ಲ ಅಂಟಂಟಾದರೂ ತಪ್ಪಿದೆ.

ನನ್ನ ನಿಜವಾದ ಪರೀಕ್ಷೆ ಇನ್ನೂ ಬಾಕಿ. ಲೋಟದಲ್ಲಿ ಮೂರನೇ ಒಂದು ಭಾಗ ಉಳಿಸಿ, ಹತ್ತು ನಿಮಿಷ ಬಿಡಿ. ಏಲ್ (ತುಸು ಬೆಚ್ಚಗೆ ಹುದುಗಿಸಿದ ಬಿಯರ್) ಆದರೆ 10ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಗ್ಯಾಸಿನ ಚುಚ್ಚು ಇಳಿದಿರುತ್ತದೆ, ತಂಪಿನ ಮರೆಯೂ ಇರುವುದಿಲ್ಲ. ಈಗ ಕುಡಿಯಿರಿ.

[ದೃಶ್ಯ: ಖಾಲಿ ಲೋಟ, ಗಾಜಿನ ಮೇಲೆ ನೊರೆಯ ಉಂಗುರಗಳು.]